ನೆಲುವಿನ ಚೆಂಡು

ನಮ್ಮ ಓಣಿಯ ಫುಟ್ಬಾಲ್ ಸಂಘದ ಖೋಲಿಯಲ್ಲಿ ಈಗ ಗಾಜಿನ ಕಪಾಟು ಇದೆ. ಅದರ ತುಂಬ ಬಹುಮಾನದ ಬಟ್ಟಲುಗಳು, ಗೋಡೆಯ ತುಂಬ ಫೋಟೋಗಳು. ಸಂಘ ಎಲ್ಲಿ ಹುಟ್ಟಿತೆಂದು ಹೊಸ ಹುಡುಗರನ್ನು ಕೇಳಿದರೆ ಹುಬ್ಬಳ್ಳಿಯ ಹತ್ತಿ ಪೇಟೆಯ ಬಯಲಿನಲ್ಲಿ ಎನ್ನುತ್ತಾರೆ. ಸುಳ್ಳಲ್ಲ, ಆದರೆ ಪೂರಾ ಖರೇನೂ ಅಲ್ಲ. ಅದು ಹುಟ್ಟಿದ್ದು ನಮ್ಮ ಮನೆಯ ಪಡಸಾಲೆಯ ತೊಲೆಗೆ ಕಟ್ಟಿದ್ದ ಒಂದು ನೆಲುವಿನಲ್ಲಿ. ಹಾಗೆಂದರೆ ನಗುತ್ತಾರೆ. ನಗಲಿ. ಜೀವಮಾನವೆಲ್ಲ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸಿದವಳು ನಾನು, ನಗುವ ಮಕ್ಕಳಿಗೆ ಹೆದರಿ ಮಾತು ನುಂಗುವವಳಲ್ಲ. ಇಷ್ಟು ದಿನ ಇದನ್ನು ಬರೆಯದೆ ಇದ್ದದ್ದು ಒಬ್ಬನಿಗಾಗಿ. ಅಣ್ಣನ ಗೆಳೆಯ, ಸಂಘವನ್ನು ಕೊನೆಯವರೆಗೂ ನಡೆಸಿದವನು. ಹೋದ ವರ್ಷ ಅವನೂ ಮಣ್ಣಾದ. ಇನ್ನು ಇದನ್ನು ಓದಿ ನೊಂದುಕೊಳ್ಳುವವರು ಯಾರೂ ಉಳಿದಿಲ್ಲ.

ನೆಲುವು ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಹಗ್ಗದಿಂದ ಹೆಣೆದು ತೊಲೆಯಿಂದ ಇಳಿಬಿಟ್ಟ ಜಾಳಿಗೆ ಅದು. ಹಾಲಿನ ಗಡಿಗೆ, ಬೆಣ್ಣೆಯ ಗಡಿಗೆ ಅದರಲ್ಲಿ ಇಟ್ಟರೆ ಬೆಕ್ಕಿಗೂ ಇಲಿಗೂ ನಿಲುಕುತ್ತಿರಲಿಲ್ಲ. ನಮ್ಮ ಅಪ್ಪ ಹತ್ತಿ ದಲಾಲಿಯ ಅಡತಿ ಅಂಗಡಿಯಲ್ಲಿ ಗುಮಾಸ್ತ. ಅವನ ಪಗಾರ ಮನೆ ನಡೆಸುವಷ್ಟಿರಲಿಲ್ಲವಾದ್ದರಿಂದ ಅವ್ವ ಎಮ್ಮೆ ಕಟ್ಟಿ ಮೊಸರು, ಬೆಣ್ಣೆ ಮಾರುತ್ತಿದ್ದಳು. ಹೀಗಾಗಿ ನಮ್ಮ ಮನೆಯಲ್ಲಿ ದೇವರ ಜಗಲಿ ಬಿಟ್ಟರೆ ಮಡಿಯ ಜಾಗವೆಂದರೆ ನೆಲುವು. ಮಕ್ಕಳು ಕೈ ತೊಳೆಯದೆ ಅದರ ಹಗ್ಗ ಮುಟ್ಟಿದರೂ ಬೈಗುಳ ಬೀಳುತ್ತಿತ್ತು.

ಇಂಥ ಮನೆಗೆ ಅಣ್ಣ ಒಂದು ದಿನ ತೊಗಲಿನ ಚೆಂಡು ತಂದ.

ಇಪ್ಪತ್ತರ ದಶಕದ ಮಾತು. ಅಣ್ಣನಿಗೆ ಆಗ ಮೀಸೆ ಚಿಗುರುವ ವಯಸ್ಸು. ಸಾಲಿ ಬಿಟ್ಟೊಡನೆ ರೈಲ್ವೆ ಕಾರಖಾನೆಯ ಮೈದಾನದ ಬೇಲಿಗೆ ಹೋಗಿ ಜೋತುಬೀಳುತ್ತಿದ್ದ. ಒಳಗೆ ಸಾಹೇಬರೂ ಕಾರಖಾನೆಯಲ್ಲಿ ಕೆಲಸ ಕಲಿಯುವ ಹುಡುಗರೂ ಬೂಟು ಹಾಕಿಕೊಂಡು ಆಡುತ್ತಿದ್ದರು. ಎರಡೂ ತುದಿಗೆ ಸುಣ್ಣ ಬಳಿದ ಕಂಬ, ಹಿಂದೆ ಬಲೆ. ಅಣ್ಣ ಚೆಂಡನ್ನು ನೋಡುತ್ತಿರಲಿಲ್ಲ, ಕಂಬದ ನಡುವೆ ನಿಂತು ಚೆಂಡು ತಡೆಯುವ ಗೋಲಿಯನ್ನು ನೋಡುತ್ತಿದ್ದ. ಮನೆಗೆ ಬಂದು, "ಒಂದ ಸಲ ಆ ಕಂಬದ ನಡುವ ನಿಂದರಬೇಕವ್ವಾ," ಎನ್ನುತ್ತಿದ್ದ. ಅವ್ವ, "ಎಮ್ಮಿ ಹಗ್ಗ ಹಿಡಕೊಂಡು ಗೂಟದ ಹಂತ್ಯಾಕ ನಿಂದ್ರು, ಅದೂ ಕಂಬನ," ಎನ್ನುತ್ತಿದ್ದಳು.

ಅವನ ಗೆಳೆಯ ಪಕ್ಕದ ಓಣಿಯ ಮುಸಲ್ಮಾನರ ಹುಡುಗ. ಅವನ ಅಪ್ಪ ಟಾಂಗಾ ಕುದುರೆಗಳ ಲಗಾಮು, ಪಟ್ಟಿ ಹೊಲಿಯುತ್ತಿದ್ದರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಸಾಹೇಬರ ಚೆಂಡು ಹರಿದರೆ ಹೊಲಿಗೆಗೆ ಬರುತ್ತಿದ್ದದ್ದು ಚಾಚಾನ ಕೈಗೇ. ಒಮ್ಮೆ ಪೂರಾ ಸವೆದ ಚೆಂಡೊಂದನ್ನು ಒಗೆದುಬಿಡಿ ಎಂದು ಅಲ್ಲಿಯವರು ಹೇಳಿದಾಗ ಚಾಚಾ ಒಗೆಯಲಿಲ್ಲ. ಕೊಳೆತ ಭಾಗ ಕೊಯ್ದು ತೆಗೆದು, ಅಲ್ಲಿ ಕುದುರೆ ಪಟ್ಟಿಯ ಕರಿಯ ತೊಗಲಿನ ತುಂಡು ಕೂಡಿಸಿ, ಮಗನ ಕೈಗೆ ಕೊಟ್ಟರು. ಆ ಕರಿ ತುಂಡಿನ ಭಾರಕ್ಕೆ ಚೆಂಡು ಪುಟಿದಾಗ ಚೂರು ಓರೆಯಾಗಿ ಹೋಗುತ್ತಿತ್ತು. ಅದರ ಓರೆಯನ್ನು ಅಣ್ಣನಷ್ಟು ಬಲ್ಲವರು ಯಾರೂ ಇರಲಿಲ್ಲ.

ತೊಗಲು ಬಿರಿಯಬಾರದೆಂದು ಚೆಂಡಿಗೆ ಹರಳೆಣ್ಣೆ ಸವರಬೇಕು. ಎಣ್ಣೆಯ ವಾಸನೆಗೆ ಇಲಿ ಬರುತ್ತದೆ. ಚಾಚಾನ ಮನೆಯಲ್ಲಿ ಇಟ್ಟ ಮೊದಲ ವಾರವೇ ಇಲಿಗಳು ಚೆಂಡಿನ ಬಾಯಿ ಕಟ್ಟುವ ದಾರವನ್ನು ತಿಂದುಹಾಕಿದವು. ಅದಕ್ಕೆ ಅಣ್ಣ ಅದನ್ನು ನಮ್ಮ ಮನೆಗೆ ತಂದು, ಯಾರನ್ನೂ ಕೇಳದೆ, ಬೆಣ್ಣೆಯ ನೆಲುವಿನಲ್ಲಿ ಇಟ್ಟುಬಿಟ್ಟ. ಅವ್ವ ಹಿತ್ತಲಿನಿಂದ ಬಂದು ನೋಡಿದಳು. ಕೂಗಲಿಲ್ಲ. ಅವಳು ಕೂಗದೆ ಮಾತಾಡಿದರೆ ನಮಗೆ ಹೆಚ್ಚು ಹೆದರಿಕೆ.

"ತೊಗಲ ತಂದು ಬೆಣ್ಣಿ ಮಗ್ಗಲಕ ತೂಗ ಹಾಕೀಯಲ್ಲೋ. ನಾಳಿ ಕಾಲಾಗಿನ ಕೆರಾನೂ ತಂದು ಇಲ್ಲೇ ಇಡು."

"ಕೆರ ನೆಲದ ಮ್ಯಾಲ ನಡೀತಾವವ್ವಾ, ಇದು ಹಾರತೈತಿ. ಹಾರೂದಕ್ಕ ಎಲ್ಲಿ ಮೈಲಿಗಿ?"

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ನಗು ಬಂದಿತ್ತು, ತೋರಿಸಲಿಲ್ಲ. ಕಡೆಗೆ ರಾಜಿಯಾಯಿತು. ಅಣ್ಣ ಬೇರೆ ಹಗ್ಗ ತಂದು ತಾನೇ ಒಂದು ನೆಲುವು ಹೆಣೆದು ಪಡಸಾಲೆಯ ತೊಲೆಗೆ ಕಟ್ಟಿದ. ಚೆಂಡು ಅದರಲ್ಲಿ. ಅವ್ವ ಅದನ್ನು ಮುಟ್ಟುವುದಿಲ್ಲ, ಮುಟ್ಟಿದವರು ಕೈ ತೊಳೆದೇ ಒಳಗೆ ಬರಬೇಕು.

ಅಲ್ಲಿಂದ ನಮ್ಮ ಮನೆಯ ಕಟ್ಟೆ ಸಂಘದ ಕಟ್ಟೆಯಾಯಿತು. ಸಂಜೆಯಾದರೆ ನೇಕಾರರ ಹುಡುಗರು, ಬಡಿಗರ ಹುಡುಗರು, ಸ್ಟೇಷನ್ನಿನ ಹಮಾಲರ ಮಕ್ಕಳು ಬಂದು ಕೂರುತ್ತಿದ್ದರು. ಹತ್ತಿಯ ಸುಗ್ಗಿಯಲ್ಲಿ ಪೇಟೆಯ ಬಯಲೆಲ್ಲ ಚಕ್ಕಡಿಗಳಿಂದ ತುಂಬಿರುತ್ತಿತ್ತು, ಆಗ ಆಟ ಬಂದ್. ಮಳೆಗಾಲ ಶುರುವಾಗಿ ಬಯಲು ಖಾಲಿಯಾದರೆ ಆಟ. ಕಂಬವಿಲ್ಲ, ಎರಡು ಕಲ್ಲು. ಬೂಟಿಲ್ಲ, ಬರಿಗಾಲು. ಅಣ್ಣನದು ಒಂದು ಕಾನೂನಿತ್ತು. ಆಟದಲ್ಲಿ ಸಿಟ್ಟು ಮಾಡಿ ಜಗಳ ತೆಗೆದವನು ಮರುದಿನ ಸೈಕಲ್ ಅಂಗಡಿಯವರೆಗೆ ಚೆಂಡು ಹೊತ್ತು ಗಾಳಿ ಹಾಕಿಸಿಕೊಂಡು ಬರಬೇಕು. ಹೊರುವುದರೊಳಗೆ ಸಿಟ್ಟು ಇಳಿದಿರುತ್ತಿತ್ತು.

ಆಟ ಮುಗಿದ ಮೇಲೆ ಅಣ್ಣನ ಇನ್ನೊಂದು ಕೆಲಸ. ನಮ್ಮ ಎರೆಮಣ್ಣು ನಿಮಗೆ ಗೊತ್ತಲ್ಲ, ಒಮ್ಮೆ ಹತ್ತಿದರೆ ಬಿಡುವ ಜಾತಿಯಲ್ಲ. ಚೆಂಡನ್ನು ಎಷ್ಟು ಒರೆಸಿದರೂ ಹೊಲಿಗೆಯ ಸಂದಿಯಲ್ಲಿ ಕರಿಮಣ್ಣು ಉಳಿದಿರುತ್ತಿತ್ತು. ಅದು ಅಲ್ಲೇ ಒಣಗಿದರೆ ದಾರ ತುಂಡಾಗುತ್ತದೆಂದು ಚಾಚಾ ಹೇಳಿದ್ದರು. ಅಣ್ಣ ಕಟ್ಟೆಯ ಮೇಲೆ ಕುಳಿತು ಜಾಲಿಮುಳ್ಳಿನಿಂದ ಒಂದೊಂದೇ ಸಂದಿಯ ಮಣ್ಣು ಕೆದರಿ ತೆಗೆದು, ಬೆರಳಾಡಿಸಿ ನೋಡಿ, ಎಣ್ಣೆ ಸವರಿ, ನೆಲುವಿಗೆ ಏರಿಸುತ್ತಿದ್ದ. ಅವ್ವ ಒಳಗಿನಿಂದಲೇ, "ತನ್ನ ಮಾರಿ ತೊಳಕೊಳ್ಳಾಕ ಹೊತ್ತಿಲ್ಲ, ಚೆಂಡಿಗೆ ದಿನಾ ಎಣ್ಣಿ ಜಳಕ," ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ಹರಳೆಣ್ಣೆಯ ಬಟ್ಟಲು ತುಂಬಿಸಿ ಇಡುತ್ತಿದ್ದವಳೂ ಅವಳೇ.

ಗೆಳೆಯ ಕಟ್ಟೆಯವರೆಗೆ ಬರುತ್ತಿದ್ದ, ಹೊಸ್ತಿಲು ದಾಟುತ್ತಿರಲಿಲ್ಲ. ನೀರು ಕೇಳಿದರೆ ಅವ್ವ ಮೇಲಿನಿಂದ ಅವನ ಬೊಗಸೆಗೆ ಸುರಿಯುತ್ತಿದ್ದಳು. ಆಗ ಎಲ್ಲರ ಮನೆಯಲ್ಲೂ ಹೀಗೇ ಇತ್ತು, ಅವ್ವ ಹೊಸದಾಗಿ ತಂದ ರೀತಿಯಲ್ಲ. ಹಾಗಂತ ಅದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ.

ಒಂದು ಮಳೆಗಾಲ ಮುಗಿಯುತ್ತಿದ್ದಾಗ ದೊಡ್ಡ ಸುದ್ದಿ ಬಂತು. ಕಾರಖಾನೆಯಲ್ಲಿ ಕೆಲಸ ಕಲಿಯುವ ಹುಡುಗರ ಟೀಮು ನಮ್ಮವರ ಜೊತೆ ಆಡಲು ಒಪ್ಪಿತ್ತು, ಅದೂ ಅವರ ಮೈದಾನದಲ್ಲಿ. ಅಲ್ಲಿಯ ರಿವಾಜಿನಂತೆ ಅರ್ಧ ಆಟ ಅವರ ಚೆಂಡಿನಲ್ಲಿ, ಅರ್ಧ ಆಟ ನಮ್ಮ ಚೆಂಡಿನಲ್ಲಿ. ಚೆಂಡಿಲ್ಲದೆ ಬಂದ ಟೀಮನ್ನು ಟೀಮು ಎನ್ನುತ್ತಿರಲಿಲ್ಲ. ಅಣ್ಣನ ಕಾಲು ನೆಲಕ್ಕೆ ತಾಗಲಿಲ್ಲ. ಕಂಬದ ನಡುವೆ ನಿಲ್ಲುವ ದಿನ ಬಂದಿತ್ತು. ಊಟಕ್ಕೆ ಕುಳಿತರೂ ಬಾಗಿಲ ಚೌಕಟ್ಟಿನ ಅಗಲ ನೋಡಿ, "ಇದರಂಥಾ ಏಳೆಂಟು ಬಾಗಲಾ ಜೋಡಿಸಿದರ ಅಷ್ಟ ಅಗಲ," ಎಂದು ನನಗೆ ವಿವರಿಸುತ್ತಿದ್ದ.

ಆಗಲೇ ಓಣಿಯಲ್ಲಿ ಇಲಿ ಬಿದ್ದವು.

ಇಲಿ ಬಿದ್ದವು ಎಂದರೆ ಪ್ಲೇಗು ಬಂತೆಂದೇ ಅರ್ಥ. ನಮ್ಮ ಕಡೆ ಜನಕ್ಕೆ ಅದು ರೂಢಿಯಾಗಿ ಹೋಗಿತ್ತು. ಒಂದು ಮನೆಯಲ್ಲಿ ಸತ್ತ ಇಲಿ ಕಂಡರೆ ಸಾಕು, ಇಡೀ ಓಣಿ ಸಾಮಾನು ಕಟ್ಟಿ ಊರಾಚೆಯ ಹೊಲಗಳಿಗೆ ಹೋಗಿ ಗುಡಿಸಲು ಹಾಕಬೇಕು. ಬಿಟ್ಟ ಮನೆಗೆ ಮುನ್ಸಿಪಾಲಿಟಿಯವರು ಔಷಧದ ನೀರು ಹೊಡೆದು, ಮಾಳಿಗೆಯ ಬೆಳಕಿಂಡಿ ತೆರೆದು ಬಿಸಿಲು ಬಿಟ್ಟು, ಬಾಗಿಲಿಗೆ ಬೀಗ ಹಾಕುತ್ತಿದ್ದರು. ಬೇನೆ ಇಳಿಯುವ ತನಕ ಆ ಮನೆಯ ಹೊಸ್ತಿಲು ಮೆಟ್ಟಬಾರದು. ಇದು ಕೂಸಿಗೂ ಗೊತ್ತಿದ್ದ ಮಾತು.

ಅಣ್ಣ ಎಮ್ಮೆಗಳನ್ನು ಹೊಡೆದುಕೊಂಡು ಬೆಳಗಿನಲ್ಲೇ ಮುಂದೆ ಹೋದ. ಹೋಗುವಾಗ ಅವ್ವನಿಗೆ, "ಚೆಂಡು ಗಾಡ್ಯಾಗ ಹಾಕು, ಮರೀಬ್ಯಾಡ," ಎಂದ. ಅವ್ವ ಮರೆಯಲಿಲ್ಲ. ನೆಲುವಿನ ಕೆಳಗೆ ಬಂದು ನಿಂತಳು. ಹೊರಗೆ ಬಾಡಿಗೆ ಚಕ್ಕಡಿಯಲ್ಲಿ ದೇವರ ಪೆಟ್ಟಿಗೆ ಏರಿಸಿಯಾಗಿತ್ತು. ಒಂದೇ ಗಾಡಿಯಲ್ಲಿ ದೇವರೂ ತೊಗಲೂ ಹೇಗೆ ಹೋದಾವು? ಅಪ್ಪ ಕೈಯಲ್ಲಿ ಹಿಡಿದುಕೊಂಡು ನಡೆಯುತ್ತೇನೆಂದ. ಅವನ ಎರಡೂ ಕೈಯಲ್ಲಿ ಆಗಲೇ ಗಂಟುಗಳಿದ್ದವು.

"ಇರಲಿ ಬಿಡ್ರಿ. ನೆಲುವಿನ್ಯಾಗ ಐತಿ, ಇಲಿ ಮುಟ್ಟಂಗಿಲ್ಲ. ತಿರುಗಿ ಬಂದಾಗ ಐತಲ್ಲ," ಎಂದಳು ಅವ್ವ. ನನಗೂ ಅದು ಸರಿಯೆನಿಸಿತ್ತು.

ನಮ್ಮ ಗುಡಿಸಲು ಬೈರಿದೇವರಕೊಪ್ಪದ ಕಡೆಯ ಹೊಲದಲ್ಲಿ. ಸಂಜೆ ಸಾಮಾನು ಇಳಿಸಿದಾಗ ಅಣ್ಣ ಚೆಂಡು ಹುಡುಕಿದ. ವಿಷಯ ತಿಳಿದು ಬೈಯಲಿಲ್ಲ, ಹೋಗಿ ಎಮ್ಮೆಗಳಿಗೆ ಗೂಟ ಬಡಿಯತೊಡಗಿದ. ಆದರೆ ಹೊಲಕ್ಕೆ ಹೋದ ಮೇಲೆ ಅವನಿಗೆ ಖುಷಿಯೂ ಆಯಿತು. ಊರಿನಲ್ಲಿ ಬೇರೆ ಬೇರೆ ಓಣಿಯಲ್ಲಿದ್ದ ಟೀಮಿನ ಹುಡುಗರೆಲ್ಲ ಇಲ್ಲಿ ಸಾಲು ಗುಡಿಸಲಲ್ಲಿ ನೆರೆಹೊರೆಯವರು. ಚಾಚಾನ ಗುಡಿಸಲು ನಮ್ಮದರಿಂದ ಕೂಗಳತೆಯಲ್ಲಿತ್ತು. ಸಾಲಿ ಇಲ್ಲ, ಕೆಲಸವಿಲ್ಲ, ದಿನವಿಡೀ ಆಟ. ಆಟದ ದಿನ ಮಾತ್ರ ಹತ್ತಿರ ಬರುತ್ತಿತ್ತು, ಕಾರಖಾನೆಯ ಕಡೆ ಇಲಿ ಬಿದ್ದಿರಲಿಲ್ಲವಾಗಿ ಆಟ ನಿಂತಿರಲಿಲ್ಲ. ಚಿಂದಿ ಬಟ್ಟೆಯ ಉಂಡೆಯನ್ನು ಹಿಡಿದು ಹಿಡಿದು ಅಣ್ಣನಿಗೆ ಬೇಜಾರಾಯಿತು. "ಅರಬಿ ಉಂಡಿ ಕೈಗೆ ಬಂದು ಬೀಳತೈತಿ, ಚೆಂಡು ಕೈ ಸೀಳಿ ಹೋಗತೈತಿ. ಇದನ್ನ ಹಿಡದು ಏನ ಕಲೀಲಿ," ಎಂದ.

ಒಂದು ಮಧ್ಯಾಹ್ನ ಅವನು ಕಾಣಲಿಲ್ಲ. ಬಿಸಿಲು ಇಳಿಯುವಾಗ ಬಂದ, ಕಂಕುಳಲ್ಲಿ ಚೆಂಡು. ಪಕ್ಕದ ಮನೆಯ ಮಾಳಿಗೆ ಹತ್ತಿ, ನಮ್ಮ ಮಾಳಿಗೆಗೆ ದಾಟಿ, ತೆರೆದಿದ್ದ ಬೆಳಕಿಂಡಿಯಿಂದ ಪಡಸಾಲೆಗೆ ಇಳಿದಿದ್ದನಂತೆ. "ನೆಲುವಿನ ಹಗ್ಗಾನ ಹಿಡದು ಇಳದೆವ್ವಾ," ಎಂದು ನಗುತ್ತ ಹೇಳಿದ. ಅವ್ವ ಚೆಂಡು ಕೆಳಗಿಡಿಸಿದಳು. ಅವನ ಬಟ್ಟೆ ಬಿಚ್ಚಿಸಿ ಕುದಿಯುವ ನೀರಿನಲ್ಲಿ ಅದ್ದಿದಳು, ಬೇವಿನ ಸೊಪ್ಪು ಹಾಕಿ ಜಳಕ ಮಾಡಿಸಿದಳು. ಇಲಿ ಸತ್ತ ಮನೆಯಲ್ಲಿ ಹಸಿದ ಚಿಗಟಗಳು ಮನುಷ್ಯರ ಕಾಲಿಗಾಗಿ ಕಾಯುತ್ತಿರುತ್ತವೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದು ಬಹಳ ವರ್ಷಗಳ ಮೇಲೆ. ಅವ್ವ ಓದದೆಯೇ ಹೆದರಿದ್ದಳು.

ಎರಡು ಮೂರು ದಿನ ಏನೂ ಆಗಲಿಲ್ಲ. ಅಣ್ಣ ಮುಂಜಾನೆಯಿಂದ ಸಂಜೆಯವರೆಗೂ ಆಡಿದ. ಆಟಕ್ಕೆ ಒಂದು ದಿನ ಉಳಿದಿತ್ತು. ಎಂದಿನಂತೆ ಜಾಲಿಮುಳ್ಳು ತಂದು ಸಂದಿಗಳ ಮಣ್ಣು ತೆಗೆದು, ಎಣ್ಣೆ ಸವರಿ, ಧೋತರದ ತುಂಡಿನಲ್ಲಿ ಕಟ್ಟಿಟ್ಟ. ಕಟ್ಟಿಟ್ಟು ಎದ್ದವನು ತಲೆ ಹಿಡಿದುಕೊಂಡು ಕೂತ. ಬೆಳಗಾಗುವುದರೊಳಗೆ ಮೈ ಕಾದ ಹಂಚಿನಂತಿತ್ತು, ತೊಡೆಯ ಸಂದಿನಲ್ಲಿ ಗಂಟು ಎದ್ದಿತ್ತು.

ಸಾಲಿನಿಂದ ದೂರ ಅವನಿಗೆ ಬೇರೆ ಗುಡಿಸಲು ಹಾಕಿದರು. ಅವ್ವ ಒಳಗೆ ಕುಳಿತಳು, ಏನು ಹೇಳಿದರೂ ಹೊರಗೆ ಬರಲಿಲ್ಲ. ಅಪ್ಪ, ನಾನು ಮರದ ಕೆಳಗೆ. ಗೆಳೆಯ ಬಂದು, "ನೀ ಇಲ್ಲದ ನಾವು ಹೋಗಾಂಗಿಲ್ಲ," ಎಂದ. ಅಣ್ಣ ಒಳಗಿನಿಂದಲೇ, "ಹುಚ್ಚಾ, ಚೆಂಡು ತಂದದ್ದು ಯಾತಕ್ಕ? ಹೋಗ್ರಿ. ಕಂಬ ಹೆಂಗದಾವ ಅಂತ ನೋಡಿ ಬಂದು ಹೇಳ್ರಿ," ಎಂದ. ಹುಡುಗರು ಚೆಂಡಿನ ಗಂಟು ಹೊತ್ತು ಹೋದರು. ಹಿಂದಿನ ದಿನ ಸುರಿದ ಮಳೆಗೆ ದಾರಿಯೆಲ್ಲ ರಾಡಿಯಾಗಿತ್ತು.

ಸಂಜೆ ತಿರುಗಿ ಬಂದರು. ಗೆಳೆಯ ನೇರ ಗುಡಿಸಲಿಗೆ ಹೋಗದೆ ಮರದ ಕಡೆಗೆ ಬಂದ. ಅವನ ಕಣ್ಣು ಕೆಂಪಗಿದ್ದವು.

"ಗೇಟಿನ್ಯಾಗ ನಿಂದರಿಸಿದ್ರು ಕಾಕಾ. ಪಿಲೇಗಿನ ಗುಡಸಲದವ್ರು ಒಳಗ ಬರಬ್ಯಾಡ್ರಿ ಅಂದ್ರು. ಚೆಂಡಿನ ಗಂಟು ಬಿಚ್ಚಾಕೂ ಬಿಡಲಿಲ್ಲ."

ತಪ್ಪು ಅವರದಲ್ಲ. ಹೆದರಿಕೆ ಯಾರಿಗಿಲ್ಲ? ಆದರೂ ಇಷ್ಟು ವರ್ಷಗಳಾದ ಮೇಲೂ ಆ ಗೇಟನ್ನು ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ. ಅಪ್ಪ ಒಮ್ಮೆ ಗುಡಿಸಲ ಕಡೆ ನೋಡಿದ. ಆಮೇಲೆ ಗೆಳೆಯನ ಹೆಗಲ ಮೇಲೆ ಕೈ ಇಟ್ಟ. "ಇದನ್ನ ಅವಗ ಹೇಳಬ್ಯಾಡ ತಮ್ಮಾ. ಅವರವ್ವಗೂ ಬ್ಯಾಡ. ಗೆದ್ದೇವಿ ಅಂತ ಹೇಳು."

ಗೆಳೆಯ ಗುಡಿಸಲ ಬಾಗಿಲಿಗೆ ಹೋದ. ನಾನು ಅವನ ಹಿಂದೆ ದೂರ ನಿಂತಿದ್ದೆ. ಒಳಗೆ ಹೋಗಲು ಬಿಡುತ್ತಿರಲಿಲ್ಲ, ಅದಕ್ಕೆ ಗಂಟು ಬಿಚ್ಚಿ ಚೆಂಡನ್ನು ನೆಲದ ಮೇಲೆ ಉರುಳಿಸಿದ. ಅದು ತನ್ನ ಓರೆಯಲ್ಲೇ ಹೋಯಿತು. ಮಲಗಿದ್ದಲ್ಲಿಂದಲೇ ಅಣ್ಣ ಕೈ ಚಾಚಿ ಹಿಡಿದ, ಎದೆಯ ಮೇಲೆ ಇಟ್ಟುಕೊಂಡ. ಎರಡೂ ಕೈಯಿಂದ ತಿರುವುತ್ತ, ಹೊಲಿಗೆಯ ಮೇಲೆ ಬೆರಳಾಡಿಸುತ್ತ ಇದ್ದ.

"ಗೆದ್ದೇವಲೇ," ಎಂದ ಗೆಳೆಯ. "ಒಂದು ಗೋಲು. ಅವರದು ಒಂದೂ ಇಲ್ಲ."

"ಯಾರು ಹೊಡದ್ರು?"

"ನಾನು. ಎರಡನೇ ಅರ್ಧದಾಗ. ನಮ್ಮ ಚೆಂಡಿನ್ಯಾಗ."

"ಗೋಲಿನ್ಯಾಗ ಯಾರು ನಿಂತಿದ್ರು?"

ಗೆಳೆಯ ಇದಕ್ಕೆ ಉತ್ತರ ಕಟ್ಟಿಕೊಂಡು ಬಂದಿರಲಿಲ್ಲ. "ಯಾರೂ ನಿಂದರಲಿಲ್ಲ. ನಿನ್ನ ಜಾಗಾ ಹಂಗ ಖಾಲಿ ಬಿಟ್ಟಿದ್ವಿ."

ಅಣ್ಣ ನಕ್ಕ. ನಗಲು ಅವನಿಗೆ ಕಷ್ಟವಾಗುತ್ತಿತ್ತು. "ಖಾಲಿ ಬಿಟ್ಟರೂ ಗೆಲ್ಲತೀರಿ ಅಂದರ ನಾ ಇನ್ನ ಯಾಕ ಬೇಕಲೇ. ಛಲೋ ಆತು ತಗೋ." ಆಮೇಲೆ, "ಕಂಬ ಹೆಂಗದಾವ?" ಎಂದ. "ಭಾಳ ಎತ್ತರ ಅದಾವ," ಎಂದ ಗೆಳೆಯ. ಬೇಲಿಯಾಚೆಯಿಂದ ಕಂಡದ್ದಷ್ಟೇ ಅವನಿಗೆ ಗೊತ್ತಿತ್ತು, ಅದೊಂದು ಮಾತು ಖರೇ ಇತ್ತು.

ಮರುದಿನ ಮಧ್ಯಾಹ್ನ ಅಣ್ಣ ಹೋದ. ಹೊರಲು ನಾಲ್ಕು ಜನ ಸಿಗುವುದೇ ಕಷ್ಟವಾಯಿತು. ಬೇನೆಯ ಹೆಣಕ್ಕೆ ಯಾರು ಹೆಗಲು ಕೊಡುತ್ತಾರೆ? ಅಪ್ಪ, ಚಾಚಾ, ಗೆಳೆಯ, ಒಬ್ಬ ನೇಕಾರರ ಹುಡುಗ. ಜಾತಿ ಕೇಳಲು ಅಂದು ಅಲ್ಲಿ ಯಾರೂ ಇರಲಿಲ್ಲ. ಅದೇ ಹೊಲದ ಆಚೆ ದಂಡೆಯಲ್ಲಿ ಹೂಳಿದರು.

ಮುನ್ಸಿಪಾಲಿಟಿಯವರು ಬಂದು ಗುಡಿಸಲಿಗೆ ಬೆಂಕಿ ಇಟ್ಟರು. ಹಾಸಿಗೆ, ಬಟ್ಟೆ ಎಲ್ಲ ಒಳಗೇ. ಅವ್ವನ ಕೈಯಲ್ಲಿ ಚೆಂಡಿತ್ತು. ಎಂದೂ ಮುಟ್ಟದವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿದಳು. ಆಮೇಲೆ ಬೆಂಕಿಗೆ ಎಸೆದಳು. ತೊಗಲು ಲಗೂ ಉರಿಯಲಿಲ್ಲ, ಒಳಗಿನ ರಬ್ಬರ್ ಚೀಲ ಢಬ್ಬೆಂದು ಒಡೆಯಿತು. ಸುತ್ತ ನಿಂತಿದ್ದ ಹುಡುಗರು ಬೆಚ್ಚಿದರು. ಸಂಘ ಅಲ್ಲಿಗೆ ಮುಗಿಯಿತೆಂದು ನಾವೆಲ್ಲ ತಿಳಿದೆವು.

ಸಂಕ್ರಾಂತಿಯಾದ ಮೇಲೆ ಊರಿಗೆ ಬಂದೆವು. ಪಡಸಾಲೆಯಲ್ಲಿ ಆ ಖಾಲಿ ನೆಲುವು ಹಾಗೇ ತೂಗುತ್ತಿತ್ತು. ಅಪ್ಪ ಬಿಚ್ಚಲು ಹೋದಾಗ ಅವ್ವ ಬೇಡವೆಂದಳು. ಅದರ ಕೆಳಗೆ ಹಾಯುವಾಗ ಮಾತ್ರ ತಲೆ ತಗ್ಗಿಸುತ್ತಿದ್ದಳು, ತಾಗುವಷ್ಟು ಕೆಳಗಿರಲಿಲ್ಲ. ದೇವರ ಪೆಟ್ಟಿಗೆ ತೆರೆದು ದೇವರನ್ನು ಜಗಲಿಗೇರಿಸಲು ನನಗೆ ಹೇಳಿದಳು, ತಾನು ಮುಂದೆ ಬರಲಿಲ್ಲ. "ತೊಗಲ ಬ್ಯಾಡಂದೆ, ಮಗನ್ನ ಕೊಟ್ಟೆ," ಎಂದು ಒಮ್ಮೆ ಮೊಸರು ಕಡೆಯುತ್ತ ತನ್ನಷ್ಟಕ್ಕೆ ಹೇಳಿಕೊಂಡದ್ದನ್ನು ಕೇಳಿದ್ದೇನೆ. ಸಮಾಧಾನ ಹೇಳುವ ವಯಸ್ಸು ನನ್ನದಲ್ಲ. ಅಪ್ಪನಿಗೆ ವಯಸ್ಸಿತ್ತು, ಬಾಯಿ ಇರಲಿಲ್ಲ.

ಮುಂದಿನ ಮಳೆಗಾಲ. ಅವ್ವ ಮೊಸರು ಮಾರಿ ಬರುವಾಗ ಹತ್ತಿ ಪೇಟೆಯ ಬಯಲಿನಲ್ಲಿ ಅವೇ ಹುಡುಗರು ಚಿಂದಿಯ ಉಂಡೆ ಒದೆಯುತ್ತಿದ್ದರು. ಒಂದು ತುದಿಯ ಎರಡು ಕಲ್ಲಿನ ನಡುವೆ ಯಾರೂ ನಿಂತಿರಲಿಲ್ಲ. ಅವ್ವ ಗಡಿಗೆ ಹೊತ್ತುಕೊಂಡೇ ನೋಡುತ್ತ ನಿಂತಳು. ಮಾರನೆಯ ದಿನ ನನ್ನ ಕೈ ಹಿಡಿದುಕೊಂಡು ಚಾಚಾನ ಓಣಿಗೆ ನಡೆದಳು. ಆ ಓಣಿಯಲ್ಲಿ ಅವಳು ಕಾಲಿಟ್ಟದ್ದು ಅದೇ ಮೊದಲು.

"ಬರ್ರಿ ಅವ್ವಾರ, ಕೂಡ್ರಿ," ಎಂದು ಚಾಚಾ ಸೂಜಿ ಕೆಳಗಿಟ್ಟು ಎದ್ದರು.

"ಸಾಹೇಬ್ರ, ನೀವು ಹೊಲದ ಚೆಂಡು ನಾ ಸುಟ್ಟೇನ್ರಿ. ಇನ್ನೊಂದು ಹೊಲದು ಕೊಡ್ರಿ."

"ಅದೇನ್ರಿ, ಅದು ಒಗಿಯೂ ಚೆಂಡಿತ್ತು. ಈ ಸಲ ಪೂರಾ ಹೊಸಾ ತೊಗಲಿಂದ ಹೊಲೀತೇನಿ."

"ಹೊಸಾದು ಇರಲಿ. ಆದರ ಅದರಂಗ ಒಂದು ಕರಿ ತುಂಡು ಹಾಕ್ರಿ."

ಚಾಚಾ ತಲೆಯಾಡಿಸಿದರು. ಅವ್ವ ಕುಡಿಯಲು ನೀರು ಕೇಳಿದಳು. ಗೆಳೆಯ ತಂಬಿಗೆ ತಂದು, ರೂಢಿಯಂತೆ ಅವಳ ಬೊಗಸೆಗೆ ಸುರಿಯಲು ಎತ್ತರಕ್ಕೆ ಹಿಡಿದು ನಿಂತ. ಅವ್ವ ಅವನ ಕೈಯಿಂದ ತಂಬಿಗೆ ತೆಗೆದುಕೊಂಡು ಕುಡಿದಳು. ಅಂದಿನಿಂದ ಅವನು ನಮ್ಮ ಹೊಸ್ತಿಲು ದಾಟಿ ಒಳಗೆ ಬರತೊಡಗಿದ.

ಹೊಸ ಚೆಂಡನ್ನು ನೆಲುವಿಗೆ ಏರಿಸಿದವಳು ಅವ್ವನೇ. ಮುಂದೆ ಬಹಳ ವರ್ಷ ಅದನ್ನು ಇಳಿಸಿ ಕೊಡುವವಳೂ ಅವಳೇ, ಏರಿಸುವವಳೂ ಅವಳೇ. ದೀಪ ಹಚ್ಚುವುದರೊಳಗೆ ಚೆಂಡು ಮನೆಗೆ ಬರಬೇಕು. ಚೆಂಡು ಕೊಡುವ ಮೊದಲು ಪ್ರತಿಯೊಬ್ಬನನ್ನೂ ಕೇಳುತ್ತಿದ್ದಳು: "ನಿಮ್ಮ ಮನ್ಯಾಗ ಇಲಿ ಬಿದ್ದಾವೇನು?" ಇಲ್ಲವೆಂದ ಮೇಲೇ ಚೆಂಡು. ಪ್ಲೇಗಿನ ಸೂಜಿ ಹಾಕುವವರು ಬಂದರೆ ಟೀಮಿನ ಹುಡುಗರನ್ನೆಲ್ಲ ಕುರಿ ಹಿಂಡಿನಂತೆ ಹೊಡೆದುಕೊಂಡು ಹೋಗಿ ಸಾಲಾಗಿ ನಿಲ್ಲಿಸುತ್ತಿದ್ದಳು. ತೋಳು ಬಾತರೆ ಆಡಲಾಗುವುದಿಲ್ಲವೆಂದು ಗೊಣಗಿದವನಿಗೆ ಅವಳು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ಹೀಗೆ ಸಂಘ ಬೆಳೆಯಿತು. ಗೆಳೆಯ ಆಡಿಸುವವನಾದ, ಅವ್ವ ಕಾಯುವವಳಾದಳು. ಆದರೆ ಆಟ ನೋಡಲು ಒಂದು ದಿನವೂ ಹೋಗಲಿಲ್ಲ. ಸಂಘದವರು ತಮ್ಮದೇ ಕಂಬ ನೆಟ್ಟ ದಿನ ಮಾತ್ರ, ಎಲ್ಲರೂ ಮನೆಗೆ ಹೋದ ಮೇಲೆ ನನ್ನನ್ನು ಕರೆದುಕೊಂಡು ಬಯಲಿಗೆ ಬಂದಳು. ಕಂಬದ ಮೇಲೆ ಕೈಯಿಟ್ಟು ನಿಂತು, "ಖರೇನ, ಭಾಳ ಎತ್ತರ ಅದಾವ," ಎಂದಳು.

ಕೆಲವು ವರ್ಷಗಳ ಮೇಲೆ ಮತ್ತೆ ಇಲಿ ಬಿದ್ದವು. ಮತ್ತೆ ಚಕ್ಕಡಿ ಬಂತು, ದೇವರ ಪೆಟ್ಟಿಗೆ ಏರಿತು. ಅವ್ವ ನೆಲುವಿನಿಂದ ಚೆಂಡು ಇಳಿಸಿ ತಂದಳು. ಎಲ್ಲರೂ ನೋಡುತ್ತಿದ್ದಂತೆ ದೇವರ ಪೆಟ್ಟಿಗೆಯ ಮುಚ್ಚಳ ತೆಗೆದು, ವಿಭೂತಿ, ಗಂಟೆ, ಆರತಿಗಳ ನಡುವೆ ಜಾಗ ಮಾಡಿ ಚೆಂಡು ಇಟ್ಟು ಮುಚ್ಚಿದಳು. ನೆರೆಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಒಬ್ಬಾಕೆ ತಡೆಯಲಾರದೆ ಕೇಳಿಯೇಬಿಟ್ಟಳು.

"ದೇವರು ತಾನ ಮನಿ ಬಿಟ್ಟು ಓಡಾಕತ್ತಾನ," ಎಂದಳು ಅವ್ವ. "ಅವಗ ಇನ್ನ ಎಲ್ಲೀ ಮಡಿ."

ಯುದ್ಧದ ವರ್ಷಗಳಲ್ಲಿ ರಬ್ಬರ್ ಸಿಗದಂತಾಯಿತು. ಸೈಕಲ್ ಟ್ಯೂಬಿನ ತೇಪೆ ಹಾಕಿದ ಚೀಲವನ್ನೇ ಚೆಂಡಿಗೆ ತುರುಕಿ ಆಡಿದರು, ಅದೂ ಹೋದಾಗ ಹತ್ತಿ ತುಂಬಿ ಆಡಿದರು. ಚಳವಳಿಗೆ ಹೋಗಿ ಕೆಲವು ಹುಡುಗರು ಜೈಲು ಸೇರಿದರು, ಟೀಮು ಕೂಡಿಸುವುದೇ ಕಷ್ಟವಾಯಿತು. ಆ ನಡುವೆ ಚಾಚಾ ತೀರಿಕೊಂಡರು, ಅಪ್ಪನೂ ತೀರಿಕೊಂಡ. ಗೆಳೆಯನ ತಲೆ ನರೆಯಿತು. ನಾನು ಸಾಲಿಯ ಶಿಕ್ಷಕಿಯಾಗಿ ಅವ್ವನ ಜೊತೆಯೇ ಉಳಿದೆ. ನೆಲುವಿನ ಹಗ್ಗ ಎರಡು ಮೂರು ಸಲ ಬದಲಾಯಿತು, ಚೆಂಡುಗಳೂ ಬದಲಾದವು. ಚಾಚಾ ಇರುವ ತನಕ ಪ್ರತಿ ಚೆಂಡಿಗೂ ಒಂದು ಕರಿ ತುಂಡು ಇತ್ತು.

ನಲವತ್ತರ ದಶಕ ಮುಗಿಯುವ ಹೊತ್ತಿಗೆ ಸಂಘಕ್ಕೆ ಸ್ವಂತ ಖೋಲಿಯಾಯಿತು. ಗೆಳೆಯ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತ. ಹೇಳಲಾರದೆ ಹೇಳಿದ: "ಅವ್ವಾ, ಹುಡುಗರು ಕಪಾಟ ಮಾಡಿಸ್ಯಾರ. ಚೆಂಡು ಇನ್ನ ಅಲ್ಲೇ ಇಡೂಣು ಅಂತಾರ."

"ಇಡ್ರಿ," ಎಂದಳು ಅವ್ವ. "ಇಲಿ ಹೋಗಲಾರದಂಥಾ ಬಾಗಲಾ ಐತಿಲ್ಲೋ?"

ಖೋಲಿ ತೆರೆಯುವ ದಿನ ಅವ್ವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಅವಳು ಚೆಂಡನ್ನು ಸೆರಗಿನಲ್ಲಿ ಇಟ್ಟುಕೊಂಡು ತಂದು ಕಪಾಟಿನಲ್ಲಿ ಇಟ್ಟಳು. ಗೆಳೆಯ ಎದ್ದು ಸಂಘದ ಕಥೆ ಹೇಳಿದ. ಮೊದಲ ಆಟಕ್ಕೆ ಬಂದಾಗ ಒಮ್ಮೆ ನನ್ನ ಕಡೆ ನೋಡಿದ. "ನಮ್ಮ ಗೋಲಿ ಹಾಸಿಗಿ ಹಿಡದಿದ್ದ. ಅವನ ಜಾಗಾ ಖಾಲಿ ಬಿಟ್ಟು ಆಡಿದ್ವಿ. ಒಂದು ಗೋಲಿನಿಂದ ಗೆದ್ವಿ," ಎಂದ. ಹುಡುಗರು ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಹೆಚ್ಚು ಹೊತ್ತು ಅವ್ವ ಹೊಡೆದಳು. ಪಾಪ, ಈ ಸುಳ್ಳಾದರೂ ಇವಳಿಗೆ ಇರಲಿ ಎಂದುಕೊಂಡೆ ನಾನು.

ಮನೆಗೆ ಬಂದೆವು. ಅವ್ವ ಪಡಸಾಲೆಯಲ್ಲಿ ಖಾಲಿ ನೆಲುವಿನ ಕೆಳಗೆ ಕುಳಿತಳು. ನಾನು ಅವಳಿಗೆ ನೀರು ತಂದುಕೊಟ್ಟೆ.

"ಎಷ್ಟು ವರ್ಷ ಆತು," ಎಂದಳು. "ಇನ್ನೂ ಆ ಸುಳ್ಳು ಹೊತಗೊಂಡು ತಿರಗ್ಯಾಡತಾನ ನೋಡು ಆ ಹುಡುಗ."

ಯಾರು ಹೇಳಿದರೆಂದು ಕೇಳಿದೆ.

"ಯಾರು ಹೇಳಬೇಕು? ಬೆಂಕ್ಯಾಗ ಒಗಿಯೂ ಮುಂದ ಕೈಯಾಗ ಹಿಡದು ನೋಡಿದ್ದೆ. ಆಟದ ಹಿಂದಿನ ದಿನ ಆ ಪರಿ ಮಳಿ ಬಿದ್ದಿತ್ತು. ಆಡಿ ಬಂದ ಚೆಂಡ ಆಗಿದ್ದರ ಎರಿಮಣ್ಣು ಬಿಡತಿತ್ತೇನು? ಒಂದು ಸಂದ್ಯಾಗೂ ಮಣ್ಣಿರಲಿಲ್ಲ. ನಿಮ್ಮಣ್ಣ ಸವರಿದ ಎಣ್ಣಿ ಹಂಗ ಇತ್ತು."

"ನಿನಗ ಗೊತ್ತೈತಿ ಅಂತ ಅವಗ ಯಾಕ ಹೇಳಲಿಲ್ಲವ್ವಾ?"

"ಹೆಂಗ ಹೇಳ್ಲಿ? ನಿಮ್ಮಣ್ಣನ ಹೇಳಲಿಲ್ಲ."

ನನಗೆ ಒಮ್ಮೆಲೆ ತಿಳಿಯಲಿಲ್ಲ. ಅವ್ವ ತನ್ನ ಎರಡೂ ಕೈ ಎದೆಯ ಮುಂದೆ ಹಿಡಿದು, ಇಲ್ಲದ ಚೆಂಡನ್ನು ತಿರುವುವಂತೆ ಬೆರಳಾಡಿಸಿ ತೋರಿಸಿದಳು.

"ದಿನಾ ಮುಳ್ಳು ಹಿಡದು ಮಣ್ಣು ತಗದಾಂವ ಅಂವ. ಎದಿ ಮ್ಯಾಲ ಇಟಗೊಂಡು ಒಂದೊಂದ ಹೊಲಿಗಿ ಮುಟ್ಟಿ ನೋಡಿದ. ಆಮ್ಯಾಲೆ ಗೆಳ್ಯಾನ ಮಾರಿ ನೋಡಿದ. ಆಮ್ಯಾಲೆ ನಕ್ಕ. ನಾ ಮಗ್ಗಲಕ್ಕ ಕುಂತಿದ್ದೆ."

ನೀರು ಕುಡಿದು ತಂಬಿಗೆ ನನ್ನ ಕೈಗೆ ಕೊಟ್ಟಳು. ಗೋಡೆ ಹಿಡಿದು ಎದ್ದು, ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದಳು.